ಟ್ರ್ಯಾಕ್ಟರ್‌ನಲ್ಲಿ ಐಸ್ ಕ್ರೀಂ ತಿರುಗಿಸಬಹುದಾ?

ಪ್ರಶ್ನೆ: ಅಮೆರಿಕದ ರೈತರು ಟ್ರ್ಯಾಕ್ಟರ್‌ಗೆ ಬೆಲ್ಟ್ ಹಾಕಿ, ಮರದ ಬಕೆಟ್‌ನಲ್ಲಿ ಐಸ್ ಕ್ರೀಂ ಮಾಡುವ ವಿಡಿಯೋ ನೋಡಿದೆವು. ನಮ್ಮಲ್ಲೂ ಕೈಯಲ್ಲಿ ತಿರುಗಿಸುವ ಹಳೇ ಬಕೆಟ್ ಇದೆ. ಊರ ಹಬ್ಬಕ್ಕೆ ಹೀಗೆ ಮಾಡಬಹುದಾ? ಅದಕ್ಕೆ ಉಪ್ಪು ಯಾಕೆ ಸಾರ್?
– ಓದುಗರು, ಚನ್ನರಾಯಪಟ್ಟಣ ತಾಲ್ಲೂಕು

ಉತ್ತರ: ಧಾರಾಳವಾಗಿ ಮಾಡಿ. ಹಾಸನದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಲೇ ತಲೆ ನರೆತವನು ನಾನು, ಇಂಥ ಪ್ರಶ್ನೆ ಬಂದರೆ ಖುಷಿ.

ಮೊದಲು ಉಪ್ಪಿನ ವಿಷಯ. ಸಕ್ಕರೆ ಬೆರೆತ ಹಾಲು ಸೊನ್ನೆ ಡಿಗ್ರಿಯಲ್ಲಿ ಗಟ್ಟಿಯಾಗುವುದಿಲ್ಲ. ಬರೀ ಐಸ್ ಸುರಿದರೆ ಸುಮ್ನೆ ತಣ್ಣನೆ ಹಾಲು ಕುಡಿಯಬೇಕಾಗುತ್ತದೆ, ಅಷ್ಟೇ. ಐದಾರು ಪಾಲು ಐಸ್‌ಗೆ ಒಂದು ಪಾಲು ಕಲ್ಲುಪ್ಪು ಹಾಕಿದರೆ, ಐಸ್ ಕರಗುತ್ತಾ ಸೊನ್ನೆಗಿಂತ ಎಷ್ಟೋ ಕೆಳಗೆ ಇಳಿಯುತ್ತದೆ, ಬಕೆಟ್ ಒಳಗಿನ ಹಾಲಿನ ಡಬ್ಬಿಯ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಐಸ್ ಡಬ್ಬಿಯ ಹೊರಗೇ ಇರುವುದರಿಂದ ಮೀನು ಮಾರ್ಕೆಟ್‌ನ ಗಡ್ಡೆಯೂ ನಡೆಯುತ್ತದೆ. ಮುಚ್ಚಳ ತೆಗೆಯುವ ಮುಂಚೆ ಮಾತ್ರ ಚೆನ್ನಾಗಿ ಒರೆಸಿ. ಬಕೆಟ್‌ನ ಪಕ್ಕದ ತೂತು ಕಟ್ಟಿಕೊಂಡರೆ ಉಪ್ಪುನೀರು ಮುಚ್ಚಳದವರೆಗೆ ಏರಿ ಒಳಗೆ ನುಗ್ಗುತ್ತದೆ.

ಇನ್ನು ನನ್ನ ಕಸುಬು. ಟ್ರ್ಯಾಕ್ಟರ್‌ನ ಪಿಟಿಒ, ಅಂದರೆ ಬೇರೆ ಯಂತ್ರ ಓಡಿಸಲು ಹಿಂದೆ ತಿರುಗುವ ಶಾಫ್ಟ್, ನಿಮಿಷಕ್ಕೆ 540 ಸುತ್ತು. ಕೈಯಲ್ಲಿ ತಿರುಗಿಸುವ ಬಕೆಟ್‌ಗೆ 60 ಸುತ್ತು ಸಾಕು. ನೇರವಾಗಿ ಜೋಡಿಸಿದರೆ ಹಿಡಿಯ ಗೇರು ಪುಡಿ ಪುಡಿ. 4 ಇಂಚಿನ ಪುಲ್ಲಿಯಿಂದ 12 ಇಂಚಿನದಕ್ಕೆ ಬೆಲ್ಟ್ ಹಾಕಿದರೆ ವೇಗ ಮೂರನೇ ಒಂದು ಪಾಲು, 180. ಅಲ್ಲಿಂದ ಇನ್ನೊಮ್ಮೆ ಹಾಗೇ ಇಳಿಸಿದರೆ 60. ಕೊನೆಯ ಬೆಲ್ಟ್ ಸ್ವಲ್ಪ ಸಡಿಲ ಇರಲಿ. ಕೆನೆ ಗಟ್ಟಿಯಾದಾಗ ಬೆಲ್ಟ್ ಜಾರಿ ಕಿರ್ ಅನ್ನುತ್ತದೆ. ಆಯ್ತು ಅಂತ ಅರ್ಥ, ಇಂಜಿನ್ ನಿಲ್ಲಿಸಿ.

ಹಾಲು, ಕೆನೆ, ಸಕ್ಕರೆ ಕಾಯಿಸಿ, ರಾತ್ರಿಯೆಲ್ಲ ಫ್ರಿಜ್‌ನಲ್ಲಿಟ್ಟು ತಣಿಸಿರಿ. ಡಬ್ಬಿಗೆ ಮುಕ್ಕಾಲಿಗಿಂತ ಕಡಿಮೆಯೇ ಹಾಕಿ. ಗಾಳಿ ಸೇರಿ ಉಬ್ಬುತ್ತದೆ.

ನಿಜ ಹೇಳಲಾ? ಎರಡು ಲೀಟರ್ ಐಸ್ ಕ್ರೀಂಗೆ ಟ್ರ್ಯಾಕ್ಟರ್ ಓಡಿಸುವುದು ಡೀಸೆಲ್ ದಂಡ. ಮೂಲೆಯಲ್ಲಿ ನೀರೆತ್ತುವ ಹಳೇ ಡೀಸೆಲ್ ಇಂಜಿನ್ ಇದ್ದರೆ ಅದೇ ವಾಸಿ. ಆದರೆ ಹಬ್ಬಕ್ಕೆ ಮಕ್ಕಳು ಸುತ್ತ ನಿಂತು ನೋಡುವ ಮಜಾ ಟ್ರ್ಯಾಕ್ಟರ್‌ನಲ್ಲೇ ಜಾಸ್ತಿ, ಅಲ್ವಾ? ಆ ಮಕ್ಕಳಿಗೆ ದೂರದಲ್ಲೊಂದು ಹಗ್ಗ ಕಟ್ಟಿಬಿಡಿ. ತಿರುಗುವ ಶಾಫ್ಟ್‌ಗೆ ಕವರ್ ಇರಲೇಬೇಕು, ಸೆರಗು, ಟವೆಲ್ ಹತ್ತಿರ ಸುಳಿಯಬಾರದು.

ಮುಗಿದ ಮೇಲೆ ಉಪ್ಪುನೀರನ್ನು ತರಕಾರಿ ಮಡಿಗೆ ಸುರಿಯಬೇಡಿ. ಪುಲ್ಲಿ, ಶಾಫ್ಟ್‌ಗೆ ಸಿಡಿದದ್ದನ್ನು ಅವತ್ತೇ ಸಿಹಿನೀರಲ್ಲಿ ತೊಳೆದು ಗ್ರೀಸ್ ಹಚ್ಚಿ.