ಓದುಗರ ಪ್ರಶ್ನೆ: ಹೈಸ್ಕೂಲು ಮಕ್ಕಳಿಗೆ ಲೆಕ್ಕಪತ್ರ ಮತ್ತು ಕಂಪ್ಯೂಟರ್ ಕೋರ್ಸು

ಪ್ರಶ್ನೆ: ಮಗಳು ಕನ್ನಡ ಮಾಧ್ಯಮದಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಳೆ. ಮುಂದೆ ಕಾಮರ್ಸ್ ತೆಗೆದುಕೊಳ್ಳುವ ಆಸೆ ಅವಳಿಗಿದೆ. ನಮ್ಮ ಯಜಮಾನರು ಮಂಡಿಪೇಟೆಯ ಸಗಟು ಅಂಗಡಿಯೊಂದರಲ್ಲಿ ಗುಮಾಸ್ತರು. ಮನೆಯ ಹತ್ತಿರದ ತರಬೇತಿ ಕೇಂದ್ರದವರು ಬೇಸಿಕ್, ಟ್ಯಾಲಿ, ಜಿಎಸ್‌ಟಿ, ಡಿಟಿಪಿ (ಮುದ್ರಣಕ್ಕೆ ಪುಟ ಜೋಡಿಸುವ ಕೆಲಸ) ಎಲ್ಲವನ್ನೂ ಸೇರಿಸಿ ಆರು ತಿಂಗಳ ಪ್ಯಾಕೇಜ್ ಕೊಡುತ್ತೇವೆ, ಈಗಲೇ ಸೇರಿದರೆ ರಿಯಾಯಿತಿ ಎನ್ನುತ್ತಿದ್ದಾರೆ. ಸೇರಿಸಬಹುದೇ? ಎಸ್ಸೆಸ್ಸೆಲ್ಸಿ ಓದಿಗೆ ಅಡ್ಡಿಯಾಗುವುದಿಲ್ಲವೇ?
— ತಾಯಿಯೊಬ್ಬರು, ದಾವಣಗೆರೆ

ಉತ್ತರ: ಕಂಪ್ಯೂಟರ್ ಕಲಿಸಿ, ಆದರೆ ಈ ಪ್ಯಾಕೇಜಿಗೆ ಈಗ ಹಣ ಕಟ್ಟಬೇಡಿ. ಎಸ್ಸೆಸ್ಸೆಲ್ಸಿಯ ಭಯಕ್ಕಿಂತ ದೊಡ್ಡ ಕಾರಣವೆಂದರೆ ಅದರಲ್ಲಿ ಕಲಿಕೆಯ ಕ್ರಮವೇ ತಲೆಕೆಳಗಾಗಿದೆ. ಟ್ಯಾಲಿ ಎಂಬುದು ಲೆಕ್ಕ ಬರೆಯಲು ಬಲ್ಲವರ ಕೆಲಸವನ್ನು ಚುರುಕುಗೊಳಿಸುವ ತಂತ್ರಾಂಶ. ಎಫ್5 ಒತ್ತಿದರೆ ಪಾವತಿ, ಎಫ್6 ಒತ್ತಿದರೆ ರಸೀದಿ, ಎಫ್7 ಒತ್ತಿದರೆ ಜರ್ನಲ್ (ನಗದಿಲ್ಲದ ಹೊಂದಾಣಿಕೆಯ ನಮೂದು) ಎಂದು ಹದಿನಾಲ್ಕು ವರ್ಷದ ಹುಡುಗಿ ಒಂದೇ ವಾರದಲ್ಲಿ ಬಾಯಿಪಾಠ ಮಾಡಿಯಾಳು. ಆದರೆ ಕೈಯಲ್ಲಿರುವ ಚೀಟಿ ಈ ಮೂರರಲ್ಲಿ ಎಲ್ಲಿಗೆ ಸೇರಬೇಕು, ಯಾವ ಖಾತೆಗೆ ಜಮಾ, ಯಾವುದಕ್ಕೆ ಖರ್ಚು ಎಂಬ ತೀರ್ಮಾನವನ್ನು ತಂತ್ರಾಂಶ ಮಾಡಿಕೊಡುವುದಿಲ್ಲ. ಆ ತೀರ್ಮಾನವೇ ವಿದ್ಯೆ, ಉಳಿದದ್ದು ಕೈಚಳಕ.

ನಿಮ್ಮ ಮಗಳು ವ್ಯವಹಾರದ ಪಾಠವನ್ನು ಈಗಾಗಲೇ ಓದುತ್ತಿದ್ದಾಳೆ ಎಂಬುದನ್ನು ಬಹಳ ಪಾಲಕರು ಗಮನಿಸಿರುವುದಿಲ್ಲ. ರಾಜ್ಯ ಪಠ್ಯಕ್ರಮದ ಸಮಾಜ ವಿಜ್ಞಾನ ಪುಸ್ತಕದ ಕೊನೆಯ ಭಾಗದಲ್ಲಿ ವ್ಯವಹಾರ ಅಧ್ಯಯನವೆಂಬ ವಿಭಾಗವಿದೆ. ಎಂಟನೇ ತರಗತಿಯಲ್ಲಿ ವ್ಯವಹಾರ ಸಂಘಟನೆಯ ಬಗೆಗಳು, ಒಂಬತ್ತರಲ್ಲಿ ನಿರ್ವಹಣೆ ಮತ್ತು ಲೆಕ್ಕಪತ್ರ, ಹತ್ತರಲ್ಲಿ ಬ್ಯಾಂಕು, ಉದ್ಯಮಗಾರಿಕೆ ಮತ್ತು ಗ್ರಾಹಕರ ರಕ್ಷಣೆ ಹೀಗೆ ಪಾಠಗಳು ಸಾಗುತ್ತವೆ. ಇತಿಹಾಸ, ಭೂಗೋಳಗಳ ಹಿಂದೆ ಬರುವುದರಿಂದಲೂ ಅಂಕ ಕಡಿಮೆಯಿರುವುದರಿಂದಲೂ ವರ್ಷದ ಕೊನೆಯಲ್ಲಿ ಪ್ರಶ್ನೋತ್ತರ ಬರೆಸಿ ಇದನ್ನು ಮುಗಿಸಿಬಿಡುವ ರೂಢಿ ಅನೇಕ ಕಡೆ ಇದೆ. ಕಾಮರ್ಸ್ ಕಡೆಗೆ ಮನಸ್ಸಿರುವ ಮಗುವಿಗೆ ಮೊದಲ ಪುಸ್ತಕ ಅದೇ, ಅದಕ್ಕೆ ಶುಲ್ಕವೂ ಇಲ್ಲ.

ಎರಡನೆಯ ಅನುಕೂಲ ನಿಮ್ಮ ಮನೆಯಲ್ಲೇ ಇದೆ. ಮಂಡಿಪೇಟೆಯಲ್ಲಿ ಕಿರ್ದಿ (ದಿನದ ವಹಿವಾಟಿನ ಪುಸ್ತಕ) ಬರೆದು ಖಾತೆಗೆ ಏರಿಸುವವರು ಕಲಿಸಬಲ್ಲದ್ದನ್ನು ಯಾವ ಪ್ಯಾಕೇಜೂ ಕಲಿಸಲಾರದು. ಅಂಗಡಿಯ ಲೆಕ್ಕವನ್ನು ಮನೆಗೆ ತರುವುದು ಸರಿಯಲ್ಲ, ಅದು ಅಂಗಡಿ ಮಾಲೀಕರ ಗುಟ್ಟು. ಕಲ್ಪಿತ ಅಂಗಡಿಯೊಂದು ಸಾಕು. ಮಗಳು ರೂ. 3,000 ನಗದು ಇಟ್ಟು ಕಿರಾಣಿ ಅಂಗಡಿ ತೆರೆದಳೆನ್ನಿ. ಸಗಟು ಅಂಗಡಿಯಿಂದ ರೂ. 12,000ದ ಸಾಮಾನು ಉದ್ರಿ ತಂದಳು. ಅದರಲ್ಲಿ ರೂ. 4,800 ಅಸಲಿನ ಸಾಮಾನು ಮಾರಿದಾಗ ರೂ. 4,500 ನಗದು ಬಂತು, ರೂ. 1,200 ಗಿರಾಕಿಗಳ ಕಡೆ ಬಾಕಿ ನಿಂತಿತು. ಬಾಡಿಗೆ, ಕರೆಂಟಿಗೆ ರೂ. 500 ಹೋಯಿತು. ಲಾಭವೆಷ್ಟು ಎಂದು ಕೇಳಿ. ಗಲ್ಲಾಪೆಟ್ಟಿಗೆಯಲ್ಲಿ ರೂ. 7,000 ಕಂಡು, ಇಟ್ಟ ಮೂರು ಸಾವಿರ ಕಳೆದು, ನಾಲ್ಕು ಸಾವಿರ ಲಾಭ ಎಂದು ಹೆಚ್ಚಿನ ಮಕ್ಕಳು ಹೇಳುತ್ತಾರೆ (ದೊಡ್ಡವರೂ ಹೇಳುತ್ತಾರೆ; ಅಂಥವರ ಅಂಗಡಿ ಬಹಳ ಕಾಲ ನಡೆಯುವುದಿಲ್ಲ). ಒಟ್ಟು ಮಾರಾಟ ರೂ. 5,700, ಅದರಲ್ಲಿ ಅಸಲು ರೂ. 4,800, ಖರ್ಚು ರೂ. 500 ಕಳೆದರೆ ನಿಜವಾದ ಲಾಭ ರೂ. 400 ಮಾತ್ರ. ಈಗ ತಾಳೆ ನೋಡಿಸಿ: ನಗದು 7,000, ಬರಬೇಕಾದ ಬಾಕಿ 1,200, ಉಳಿದ ಸರಕು 7,200, ಒಟ್ಟು 15,400. ಇನ್ನೊಂದು ಬದಿಯಲ್ಲಿ ಸಗಟು ಅಂಗಡಿಗೆ ಕೊಡಬೇಕಾದ 12,000, ಬಂಡವಾಳ 3,000, ಲಾಭ 400, ಅದೂ 15,400. ಎರಡೂ ಬದಿ ಏಕೆ ಸರಿಹೊಂದಿದವು ಎಂಬುದನ್ನು ಮಗಳು ತನ್ನ ಮಾತಿನಲ್ಲಿ ಹೇಳುವಂತಾದರೆ ಪಿಯುಸಿಯ ಲೆಕ್ಕಶಾಸ್ತ್ರದ ಅರ್ಧ ಭಯ ಇಲ್ಲೇ ಕಳೆಯುತ್ತದೆ.

ಇದೇ ಲೆಕ್ಕವನ್ನು ಕಾಗದದಿಂದ ಕಂಪ್ಯೂಟರಿಗೆ ತರುವಾಗ ಮೊದಲು ಬೇಕಾದದ್ದು ಟ್ಯಾಲಿಯಲ್ಲ, ಸ್ಪ್ರೆಡ್‌ಶೀಟ್. ಎಕ್ಸೆಲ್ ಇಲ್ಲದಿದ್ದರೆ ಉಚಿತವಾಗಿ ಸಿಗುವ ಲಿಬ್ರೆ ಆಫೀಸ್‌ನ ಕ್ಯಾಲ್ಕ್ ಸಾಕು. ಸಿಬಿಎಸ್‌ಇ ಶಾಲೆಗಳ ಮಾಹಿತಿ ತಂತ್ರಜ್ಞಾನ ವಿಷಯದ ಪಾಠಗಳೂ ಅದರ ಮೇಲೆಯೇ ಇವೆ. ತಾರೀಕು, ವಿವರ, ಜಮಾ, ಖರ್ಚು, ಬಾಕಿ ಎಂದು ಐದು ಕಂಬಸಾಲು ಮಾಡಿ, ಹಿಂದಿನ ಸಾಲಿನ ಬಾಕಿಗೆ ಜಮಾ ಕೂಡಿಸಿ ಖರ್ಚು ಕಳೆಯುವ ಸೂತ್ರವನ್ನು ಅವಳೇ ಬರೆಯಲಿ. ಇಲ್ಲಿ ನಮ್ಮ ಮಕ್ಕಳು ಎಡವುವ ಜಾಗಗಳು ಗೊತ್ತಿರುವಂಥವೇ. ನೋಟ್‌ಬುಕ್ಕಿನ ಅಭ್ಯಾಸದಂತೆ ಮೊತ್ತದ ಮುಂದೆ ಅಡ್ಡಗೆರೆ ಮತ್ತು ಗೀಟು ಹಾಕಿ 500/- ಎಂದು ಬರೆದರೆ ಕಂಪ್ಯೂಟರ್ ಅದನ್ನು ಸಂಖ್ಯೆಯೆಂದು ಒಪ್ಪದೆ ಅಕ್ಷರವೆಂದು ತಿಳಿಯುತ್ತದೆ, ಕೂಡಿಸುವಾಗ ಬಿಟ್ಟುಬಿಡುತ್ತದೆ. ತಾರೀಕಿನ ನಡುವೆ ಚುಕ್ಕೆ ಇಟ್ಟರೂ ಹಲವು ಬಾರಿ ಇದೇ ಗತಿ. ತಾರೀಕಿನ ಪ್ರಕಾರ ಜೋಡಿಸಲು ಹೋದಾಗ ತಿಂಗಳುಗಳು ಹಿಂದುಮುಂದಾಗುತ್ತವೆ. ಇನ್ನು ಕೆಲವರು ಕ್ಯಾಲ್ಕ್ಯುಲೇಟರಿನಲ್ಲಿ ಕೂಡಿ ಬಂದ ಮೊತ್ತವನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಾರೆ. ಹಾಗೆ ಮಾಡುವವರಿಗೆ ಎಷ್ಟು ದೊಡ್ಡ ಸರ್ಟಿಫಿಕೇಟ್ ಇದ್ದರೂ ಸ್ಪ್ರೆಡ್‌ಶೀಟ್ ಬರುವುದಿಲ್ಲವೆಂದೇ ನನ್ನ ತೀರ್ಮಾನ.

ಟ್ಯಾಲಿಯನ್ನು ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲಿನ ಬೇಸಿಗೆಗೆ ಇಟ್ಟುಕೊಳ್ಳಿ. ಈ ತಂತ್ರಾಂಶ ನಮ್ಮ ಬೆಂಗಳೂರಿನದೇ, 1986ರಲ್ಲಿ ಆರಂಭವಾದ ಕಂಪನಿಯದು. ಪರವಾನಗಿ ಕೊಳ್ಳದೆಯೂ ಟ್ಯಾಲಿಪ್ರೈಮ್ ಅನ್ನು ಕಲಿಕೆಯ ರೀತಿಯಲ್ಲಿ ತೆರೆಯಬಹುದು. ಅದರಲ್ಲಿ ತಿಂಗಳ ಕೆಲವೇ ನಿಗದಿತ ತಾರೀಕುಗಳಿಗೆ ಮಾತ್ರ ನಮೂದು ಮಾಡಲು ಬರುತ್ತದೆ, ಅಭ್ಯಾಸಕ್ಕೆ ಅಷ್ಟು ಧಾರಾಳವಾಯಿತು. ಆಗ ಕೇಂದ್ರವನ್ನು ಆರಿಸುವಾಗ ಎರಡು ಮಾತು ಕೇಳಿ. ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ಕಂಪ್ಯೂಟರ್ ದಿನಕ್ಕೆ ಎಷ್ಟು ಹೊತ್ತು ಸಿಗುತ್ತದೆ? ಜಿಎಸ್‌ಟಿ ನೋಟ್ಸ್ ಯಾವ ವರ್ಷದ್ದು? 2017ರ ಜುಲೈ 1ರಂದು ಬಂದ ಜಿಎಸ್‌ಟಿಯ ದರಗಳು 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಪ್ರಮಾಣದಲ್ಲಿ ಬದಲಾಗಿವೆ, ಶೇ. 12 ಮತ್ತು ಶೇ. 28ರಲ್ಲಿದ್ದ ಬಹುತೇಕ ಸರಕುಗಳು ಶೇ. 5 ಅಥವಾ ಶೇ. 18ಕ್ಕೆ ಸೇರಿವೆ. ಹಳೆಯ ನಾಲ್ಕು ದರಗಳ ಪಟ್ಟಿಯನ್ನೇ ಇಂದಿಗೂ ಬರೆಸುವ ಕೇಂದ್ರಕ್ಕೆ ನಮಸ್ಕಾರ ಹೇಳಿ ಹೊರಡುವುದು ಒಳಿತು. ಡಿಟಿಪಿ ಬೇರೆಯೇ ಕಸಬು, ಪ್ಯಾಕೇಜಿನ ತೂಕ ಹೆಚ್ಚಿಸಲು ಅದನ್ನು ಸೇರಿಸಿರುತ್ತಾರೆ.

ಮುಂದಿನ ದಾರಿಗಳನ್ನೂ ಹೇಳಿಬಿಡುತ್ತೇನೆ. ಪಿಯುಸಿಯಲ್ಲಿ ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರಗಳ ಜೊತೆಗೆ ನಾಲ್ಕನೆಯದಾಗಿ ಗಣಕ ವಿಜ್ಞಾನವನ್ನು ತೆಗೆದುಕೊಳ್ಳುವ ಸಂಯೋಜನೆ ಇದೆ, ಇತಿಹಾಸ ಅಥವಾ ಸಂಖ್ಯಾಶಾಸ್ತ್ರ ತೆಗೆದುಕೊಳ್ಳುವುದೂ ಇದೆ. ಯಾವುದು ಯಾವ ಕಾಲೇಜಿನಲ್ಲಿದೆ ಎಂಬುದನ್ನು ಅರ್ಜಿ ಹಾಕುವ ಮುನ್ನವೇ ವಿಚಾರಿಸಬೇಕು. ಬೇಗ ಕೆಲಸ ಹಿಡಿಯಬೇಕೆನ್ನುವವರಿಗೆ ಐಟಿಐಯ ಒಂದು ವರ್ಷದ ಕೋಪಾ (ಕಂಪ್ಯೂಟರ್ ಆಪರೇಟರ್ ಮತ್ತು ಪ್ರೋಗ್ರಾಮಿಂಗ್ ಅಸಿಸ್ಟೆಂಟ್) ತರಬೇತಿ, ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಕಮರ್ಷಿಯಲ್ ಪ್ರಾಕ್ಟೀಸ್ ಡಿಪ್ಲೊಮಾ ಇವೆ.

ಪ್ರಶ್ನೆ: ನಾನು ಚಿತ್ರದುರ್ಗ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯ ವಿದ್ಯಾರ್ಥಿ. ನಮ್ಮ ಶಾಲೆಯಲ್ಲಿ ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಅಡಿಯಲ್ಲಿ ಮಾಹಿತಿ ತಂತ್ರಜ್ಞಾನ ವಿಷಯವಿದೆ. ಹಿಂದಿಯ ಬದಲು ಅದನ್ನು ತೆಗೆದುಕೊಂಡರೆ ಮುಂದೆ ತೊಂದರೆಯಾಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ನಿಜವೇ ಸರ್?
— ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ನಿಜವಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ತೃತೀಯ ಭಾಷೆಯ ಸ್ಥಾನದಲ್ಲಿ ಈ ವೃತ್ತಿ ವಿಷಯಗಳನ್ನು ಬರೆಯಲು ಮಂಡಳಿಯೇ ಅವಕಾಶ ಕೊಟ್ಟಿದೆ. ವೇಳಾಪಟ್ಟಿಯಲ್ಲಿ ಎರಡೂ ಒಂದೇ ದಿನ ಇರುವುದನ್ನು ನೀನೇ ನೋಡಬಹುದು. ಪಿಯುಸಿಯಲ್ಲಿ ಓದುವುದು ಎರಡೇ ಭಾಷೆ. ಅಲ್ಲಿ ಹಿಂದಿಯನ್ನೇ ಓದಬೇಕೆಂಬ ಇಚ್ಛೆಯಿದ್ದರೆ ಮಾತ್ರ ಯೋಚಿಸು. ಹತ್ತನೇ ತರಗತಿಗೆ ಬಂದ ಮೇಲೆ ವಿಷಯ ಬದಲಿಸುವ ಸಾಹಸ ಬೇಡ, ಒಂಬತ್ತರಲ್ಲೇ ತೀರ್ಮಾನಿಸಿ ಎರಡೂ ವರ್ಷ ಅದನ್ನೇ ಮುಂದುವರಿಸು. ಇದರಲ್ಲಿ ಪ್ರಾಯೋಗಿಕ ಪರೀಕ್ಷೆಯೂ ಇರುವುದರಿಂದ ಲ್ಯಾಬಿನ ಪೀರಿಯಡ್ಡನ್ನು ಆಟದ ಪೀರಿಯಡ್ ಎಂದು ತಿಳಿಯಬಾರದು.

ಪ್ರಶ್ನೆ: ಚಳ್ಳಕೆರೆ ತಾಲ್ಲೂಕಿನ ಪ್ರೌಢಶಾಲೆಯೊಂದರ ಶಿಕ್ಷಕ ನಾನು. ಹಳೆಯ ಕೆಲವು ಕಂಪ್ಯೂಟರ್‌ಗಳಿವೆ, ಇಂಟರ್ನೆಟ್ ನೆಚ್ಚಿಕೊಳ್ಳುವಂತಿಲ್ಲ. ಮಕ್ಕಳು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಅರ್ಜಿ ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಏನು ಮಾಡಲಿ, ಏನು ಕಲಿಸಲಿ?
— ಶಿಕ್ಷಕರು, ಚಳ್ಳಕೆರೆ

ಉತ್ತರ: ಅಕ್ಷರದ ತೊಂದರೆಗೆ ಕಾರಣ ಹಳೆಯ ಆಸ್ಕಿ ಫಾಂಟ್. ಅದರಲ್ಲಿ ಕನ್ನಡ ಅಕ್ಷರಗಳ ಚಿತ್ರಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಒಳಗಿರುವ ಇಂಗ್ಲಿಷ್ ಸಂಕೇತವೇ ಹೊರಗೆ ಕಾಣುತ್ತದೆ. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲೇ ಯೂನಿಕೋಡ್ (ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಪದ್ಧತಿ) ಆಯ್ಕೆಯಿದೆ, ಮೊದಲ ದಿನದಿಂದಲೇ ಮಕ್ಕಳನ್ನು ಅದಕ್ಕೆ ಹಚ್ಚಿ. ಎರಡರಲ್ಲೂ ಕೀಲಿಮಣೆಯ ವಿನ್ಯಾಸ ಕೆ.ಪಿ. ರಾವ್ ಅವರದ್ದೇ ಆದ್ದರಿಂದ ಒತ್ತಕ್ಷರಕ್ಕೆ ಎಫ್ ಕೀಲಿ ಎಂಬಂಥ ಕೈರೂಢಿ ಬದಲಾಗುವುದಿಲ್ಲ.

ಇಂಟರ್ನೆಟ್ ಇಲ್ಲವೆಂಬ ಚಿಂತೆ ಬಿಡಿ, ಹೈಸ್ಕೂಲು ಮಟ್ಟದ ಲೆಕ್ಕ ಮತ್ತು ಟೈಪಿಂಗ್‌ಗೆ ಅದು ಬೇಕಾಗಿಲ್ಲ. ಒಂದು ಕಂಪ್ಯೂಟರಿಗೆ ಇಬ್ಬರನ್ನು ಕೂರಿಸಿ, ಒಬ್ಬರು ಚೀಟಿ ಓದಲಿ, ಇನ್ನೊಬ್ಬರು ನಮೂದಿಸಲಿ, ಅರ್ಧ ಪೀರಿಯಡ್ ಕಳೆದ ಮೇಲೆ ಅದಲುಬದಲಾಗಲಿ. ಮಂಡಿಯ ಗುಮಾಸ್ತರು ಇಂದಿಗೂ ಹೀಗೆಯೇ ತಾಳೆ ನೋಡುತ್ತಾರೆ. ಪಾಠಕ್ಕೆ ಸಾಮಗ್ರಿ ಶಾಲೆಯಲ್ಲೇ ಇದೆ: ಬಿಸಿಯೂಟಕ್ಕೆ ಆರರಿಂದ ಎಂಟನೇ ತರಗತಿಯ ಮಗುವಿಗೆ ದಿನಕ್ಕೆ 150 ಗ್ರಾಂ ಧಾನ್ಯದ ಲೆಕ್ಕವಿದೆಯಲ್ಲ, ಎಂಟನೇ ತರಗತಿಯ ಹಾಜರಾತಿಯನ್ನು ಕೊಟ್ಟು ತಿಂಗಳ ಅಕ್ಕಿಯ ದಾಸ್ತಾನು ಪಟ್ಟಿ ಮಾಡಿಸಿ. ಊರಿನ ಎಣ್ಣೆ ಗಾಣಕ್ಕೆ ಶೇಂಗಾ ಕೊಳ್ಳುವ ಬಿಲ್ಲಿನ ಮಾದರಿಯೊಂದನ್ನು ನೀವೇ ಬರೆದುಕೊಟ್ಟರೆ ಚಳ್ಳಕೆರೆಯ ಮಕ್ಕಳಿಗೆ ಅದರಲ್ಲಿ ವಿವರಿಸಬೇಕಾದ್ದು ಏನೂ ಇರುವುದಿಲ್ಲ, ತೂಕ, ದರ, ಹಮಾಲಿ ಎಲ್ಲ ಅವರಿಗೆ ಗೊತ್ತು.

ಪ್ರಶ್ನೆ: ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಮಗನನ್ನು ಕಳಿಸುವುದು ಈ ಕಾಲದಲ್ಲಿ ಹಣ ದಂಡವೇ?
— ಪಾಲಕರು, ಹರಿಹರ

ಉತ್ತರ: ದಂಡವಲ್ಲ. ಕೀಲಿಮಣೆ ನೋಡದೆ ಹತ್ತೂ ಬೆರಳಿನಲ್ಲಿ ಟೈಪ್ ಮಾಡುವುದನ್ನು ಶಿಸ್ತಿನಿಂದ ಕಲಿಸುವ ಸ್ಥಳ ಇಂದಿಗೂ ಅದೇ. ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಸುವ ಮಂಡಳಿಯವರೇ ನಡೆಸುವ ಜೂನಿಯರ್, ಸೀನಿಯರ್ ಪರೀಕ್ಷೆಗಳ ಪ್ರಮಾಣಪತ್ರವನ್ನು ನ್ಯಾಯಾಲಯ ಮತ್ತು ಸರ್ಕಾರಿ ಕಚೇರಿಗಳ ಬೆರಳಚ್ಚುಗಾರ, ಶೀಘ್ರಲಿಪಿಗಾರ ಹುದ್ದೆಗಳಿಗೆ ಕೇಳುತ್ತಾರೆ. ಇಂಗ್ಲಿಷ್ ಒಂದನ್ನೇ ಕಲಿತು ನಿಲ್ಲಿಸುವುದು ಬೇಡ. ನಮ್ಮ ಜಿಲ್ಲೆಗಳ ಕಚೇರಿಗಳಲ್ಲಿ ಕಡತ ನಡೆಯುವುದು ಕನ್ನಡದಲ್ಲಿ, ಆದ್ದರಿಂದ ಕನ್ನಡ ಜೂನಿಯರ್‌ಗೆ ಮೊದಲು ಕಟ್ಟಿಸಿ.