ಮಾರ್ಗೇಜ್‌ಗೆ ಜಾಸ್ತಿ ಕಟ್ಟಬೇಕಾ ಅಂತ ಕೇಳಿದ ಪೆರ್ಲದ ತಂಗಿಗೆ

ತಂಗೀ, ನೀನು ಬರೆದ ಲೆಕ್ಕ ಹೀಗೆ ಅಲ್ವಾ? ಇಂಗ್ಲೆಂಡಿನ ಲೆಸ್ಟರ್‌ನಲ್ಲಿ 2 ಲಕ್ಷ 82 ಸಾವಿರ ಪೌಂಡಿನ ಮನೆ. ಅದರಲ್ಲಿ ಮನೆಸಾಲ, ಅಂದರೆ ಮಾರ್ಗೇಜ್, 2 ಲಕ್ಷ 40 ಸಾವಿರ. ಅವಧಿ 30 ವರ್ಷ, ಮೊದಲ 5 ವರ್ಷ ಶೇ. 4.5ಕ್ಕೆ ಫಿಕ್ಸ್ (ಅಷ್ಟು ಕಾಲ ಬಡ್ಡಿ ಬದಲಾಗುವುದಿಲ್ಲ), ತಿಂಗಳ ಕಂತು 1,216. ಮನೆ ತಗೊಂಡು ಆರು ತಿಂಗಳೂ ಆಗಿಲ್ಲ, ಆಗಲೇ ಮೂರು ತಿಂಗಳಿಂದ ಭಾವ ಕಂತಿನ ಮೇಲೆ 300 ಪೌಂಡ್ ಜಾಸ್ತಿ ಕಟ್ಟುತ್ತಿದ್ದಾರೆ. 20ನೇ ತಾರೀಖಿಗೆ ಖಾತೆ ಖಾಲಿ. ಆಮೇಲೆ ಕ್ರೆಡಿಟ್ ಕಾರ್ಡ್, ಅದರ ಬಾಕಿಯೂ ತಿಂಗಳ ಕೊನೆಗೆ ಪೂರ್ತಿ ತೀರುವುದಿಲ್ಲ. ಊರಿನ ಬ್ಯಾಂಕಿನಲ್ಲಿ ಅವರ ಓದಿನ ಸಾಲ ಇನ್ನೂ 6 ಲಕ್ಷ ರೂಪಾಯಿ ಇದೆ, ಬಡ್ಡಿ ಶೇ. 11. ಎರಡು ವರ್ಷದ ಮಗಳು ನರ್ಸರಿಗೆ ಹೋಗುತ್ತಾಳೆ. ಅವರದು ಸ್ಕಿಲ್ಡ್ ವರ್ಕರ್ ವೀಸಾ, ನಿನ್ನದು ಡಿಪೆಂಡೆಂಟ್. "ಇಲ್ಲಿ ಎಲ್ಲರೂ ಹೀಗೇ ಬದುಕುವುದಾ ಅಕ್ಕ?" ಅಂತ ಕೇಳಿದ್ದಿ.

ಇಲ್ಲ ಮಾರಾಯ್ತಿ, ಹೀಗೆ ಬದುಕಬೇಕಾಗಿಲ್ಲ. ಆ 300 ಪೌಂಡನ್ನು ಈ ತಿಂಗಳಿಂದಲೇ ನಿಲ್ಲಿಸಿ.

ಮನೆಸಾಲಕ್ಕೆ ಕೊಡುವ ಬಡ್ಡಿ ಶೇ. 4.5. ಕ್ರೆಡಿಟ್ ಕಾರ್ಡಿನ ಬಡ್ಡಿ ಇಲ್ಲಿ ಸಾಮಾನ್ಯವಾಗಿ ಶೇ. 20ರ ಮೇಲೆಯೇ. ಕಮ್ಮಿ ಬಡ್ಡಿಯ ಸಾಲವನ್ನು ಓಡಿ ಓಡಿ ತೀರಿಸುತ್ತಾ ಜಾಸ್ತಿ ಬಡ್ಡಿಯದನ್ನು ಬೆಳೆಯಲು ಬಿಟ್ಟರೆ ಅದು ಉಳಿತಾಯ ಹೇಗಾಯ್ತು? ಮೊದಲು ಕಾರ್ಡ್ ತೀರಿಸಿ. ಆಮೇಲೆ ಊರಿನ ಓದಿನ ಸಾಲ. ರೂಪಾಯಿ ಹೇಗೂ ಇಳಿಯುತ್ತಾ ಹೋಗುತ್ತದೆ, ನಿಧಾನಕ್ಕೆ ಕಟ್ಟಿದರೆ ಪೌಂಡಿನ ಲೆಕ್ಕದಲ್ಲಿ ಲಾಭ ಅಂತ ಹೇಳುವವರು ನಿಮಗೆ ಸಿಗುತ್ತಾರೆ, ಪ್ರತಿ ಓಣಂ-ದೀಪಾವಳಿ ಕೂಟದಲ್ಲೂ ಅಂಥವರೊಬ್ಬರು ಇರುತ್ತಾರೆ. ಶೇ. 11ರ ಸಾಲ ಇಟ್ಟುಕೊಂಡು ಆ ಆಟ ಆಡಬೇಡಿ.

ಭಾವ ಯಾಕೆ ಅವಸರ ಮಾಡುತ್ತಿದ್ದಾರೆ ಅಂತ ನನಗೆ ಗೊತ್ತು. ನಮ್ಮ ಕಡೆಯವರಿಗೆ ಸಾಲ ಇಟ್ಟುಕೊಂಡು ನಿದ್ದೆ ಬರುವುದಿಲ್ಲ. ಕಾಸರಗೋಡಿನ ಬದಿಯಡ್ಕ, ಪೆರ್ಲ, ಕುಂಬಳೆ ಯಾವ ಕಡೆ ನೋಡಿದರೂ ಸಾಲ ಅಂದರೆ ಸರ್ವೀಸ್ ಸಹಕಾರಿ ಬ್ಯಾಂಕಿನಲ್ಲಿ ಅಡವಿಟ್ಟ ಅಮ್ಮನ ಚಿನ್ನ, ಅಡಿಕೆ ಮಾರಿದ ಕೂಡಲೇ ಬಿಡಿಸಿ ತರಬೇಕು, ಇಲ್ಲದಿದ್ದರೆ ಮದುವೆಗೆ ಹೋಗುವಾಗ ಕುತ್ತಿಗೆ ಬರಿದು. ಅಲ್ಲಿ ಅದು ಸರಿಯೇ. ಊರಿನಲ್ಲಿ ಮನೆಸಾಲದ ಬಡ್ಡಿಯೂ ಇಲ್ಲಿಗಿಂತ ಜಾಸ್ತಿ, ಬದಲಾಗುವ ಬಡ್ಡಿಯ ಮನೆಸಾಲವನ್ನು ಬೇಗ ತೀರಿಸಿದರೆ ಬ್ಯಾಂಕು ದಂಡ ಹಾಕುವ ಹಾಗೂ ಇಲ್ಲ, 2012ರಲ್ಲೇ ರಿಸರ್ವ್ ಬ್ಯಾಂಕ್ ಅದನ್ನು ನಿಲ್ಲಿಸಿದೆ. ಮಾವ ಫೋನಿನಲ್ಲಿ "ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ಮುಗಿಸಿ ಬಿಡಿ" ಅನ್ನುವುದು ಆ ಲೆಕ್ಕದಲ್ಲಿ. ಅವರ ಹತ್ತಿರ ವಾದಕ್ಕೆ ನಿಲ್ಲಬೇಡ, ಹೂಂ ಅಂದು ಬಿಡು.

ಹಾಗಂತ ಜಾಸ್ತಿ ಕಟ್ಟುವುದೇ ವ್ಯರ್ಥ ಅಂತಲೂ ಅಲ್ಲ. ನಿಮ್ಮ ಸಾಲದ ಮೇಲೆ ಲೆಕ್ಕ ಹಾಕಿ ನೋಡಿದೆ. ಬಡ್ಡಿ ಕೊನೆಯ ತನಕ ಶೇ. 4.5 ಇರುತ್ತದೆ ಅಂತಲೇ ಇಟ್ಟುಕೊಳ್ಳೋಣ. ಸುಮ್ನೆ ಕಂತು ಮಾತ್ರ ಕಟ್ಟಿದರೆ 30 ವರ್ಷಕ್ಕೆ ಬಡ್ಡಿಯೇ ಹತ್ತಿರ ಹತ್ತಿರ 1 ಲಕ್ಷ 98 ಸಾವಿರ ಪೌಂಡ್ ಆಗುತ್ತದೆ. ತಿಂಗಳಿಗೆ 100 ಜಾಸ್ತಿ ಕಟ್ಟಿದರೆ ಅದರಲ್ಲಿ ಸುಮಾರು 33 ಸಾವಿರ ಉಳಿಯುತ್ತದೆ, ಸಾಲ 30 ವರ್ಷದ ಅವಧಿಗಿಂತ ನಾಲ್ಕು ವರ್ಷಕ್ಕೂ ಹೆಚ್ಚು ಮುಂಚೆ ಮುಗಿಯುತ್ತದೆ. 200 ಕಟ್ಟಿದರೆ ಉಳಿಯುವುದು 56 ಸಾವಿರ. 300 ಕಟ್ಟಿದರೆ 73 ಸಾವಿರ. ಈಗ ಇದನ್ನು ಸರಿಯಾಗಿ ನೋಡು. ಮೊದಲ ನೂರು 33 ಸಾವಿರ ಉಳಿಸಿತು, ಎರಡನೆಯದು 23, ಮೂರನೆಯದು 17. ಮೂರನೆಯ ನೂರು ಕೊಡುವುದು ಮೊದಲನೆಯದರ ಅರ್ಧ, ಆದರೆ ನಿಮ್ಮ ತಿಂಗಳನ್ನು 20ಕ್ಕೇ ಮುಗಿಸುವುದು ಆ ಮೂರನೆಯ ನೂರೇ. ಭಾವನಿಗೆ ಇದನ್ನು ತೋರಿಸು. ಲೆಕ್ಕ ನೋಡಿದರೆ ಒಪ್ಪುವ ಜನ ಅಂತ ಕಾಣುತ್ತದೆ.

ಇನ್ನೊಂದು ವಿಷಯ ಇಲ್ಲಿಗೆ ಹೊಸದಾಗಿ ಬಂದವರಿಗೆ ಗೊತ್ತಿರುವುದಿಲ್ಲ. ಫಿಕ್ಸ್ ಮುಗಿದು ಹೊಸ ದರ ತಗೊಳ್ಳುವಾಗ, ಮನೆಯ ಬೆಲೆಯಲ್ಲಿ ಸಾಲ ಎಷ್ಟು ಶೇಕಡಾ ಅಂತ ಬ್ಯಾಂಕು ನೋಡುತ್ತದೆ. 90, 85, 80, 75, 60 ಹೀಗೆ ಮೆಟ್ಟಿಲುಗಳಿವೆ, ಒಂದು ಮೆಟ್ಟಿಲು ಇಳಿದರೆ ಸಾಮಾನ್ಯವಾಗಿ ಬಡ್ಡಿಯೂ ಸ್ವಲ್ಪ ಇಳಿಯುತ್ತದೆ. ನೀವು ಶುರು ಮಾಡಿದ್ದು 85ಕ್ಕಿಂತ ಒಂದು ಚೂರು ಮೇಲೆ. ಬರೀ ಕಂತು ಕಟ್ಟಿದರೂ 5 ವರ್ಷದ ಕೊನೆಗೆ ಸಾಲ ಸುಮಾರು 2 ಲಕ್ಷ 19 ಸಾವಿರಕ್ಕೆ ಬರುತ್ತದೆ, ಅಂದರೆ ಮನೆಯ ಬೆಲೆ ಹಾಗೇ ಇದ್ದರೆ ಶೇ. 78ರ ಹತ್ತಿರ. 75ಕ್ಕೆ ಇಳಿಸಬೇಕಾದರೆ, ನೀವು ಈಗಾಗಲೇ ಕಟ್ಟಿದ 900 ಕಳೆದು ಇನ್ನು 6 ಸಾವಿರ ಚಿಲ್ಲರೆ ಬೇಕು. ಇವತ್ತಿನಿಂದ ಒಂದು ವರ್ಷ ಪೂರ್ತಿ ಬಿಟ್ಟು, ಕಾರ್ಡ್ ತೀರಿಸಿ, ಆಮೇಲೆ ತಿಂಗಳಿಗೆ 130 ಇಟ್ಟರೂ ಅಲ್ಲಿಗೆ ಮುಟ್ಟುತ್ತೀರಿ. ಹೊಟ್ಟೆ ಕಟ್ಟಿ 300 ಯಾಕೆ?

ಆ 130ನ್ನೂ ಮನೆಸಾಲಕ್ಕೇ ಹಾಕಬೇಕು ಅಂತ ಇಲ್ಲ. ನಾವು ಹಾಕಲಿಲ್ಲ. ನಮ್ಮ ಹಳೆಯ ಫಿಕ್ಸ್ ಶೇ. 2ಕ್ಕಿಂತ ಕಮ್ಮಿ ಇತ್ತು. 2021ರ ಡಿಸೆಂಬರ್ ತನಕ ಶೇ. 0.1 ಇದ್ದ ಬ್ಯಾಂಕ್ ಆಫ್ ಇಂಗ್ಲೆಂಡ್ ದರ 2023ರ ಆಗಸ್ಟ್‌ಗೆ 5.25ಕ್ಕೆ ಏರಿತಲ್ಲ, ಆಗ ಉಳಿತಾಯ ಖಾತೆಗಳೇ ನಮ್ಮ ಸಾಲದ ಬಡ್ಡಿಗಿಂತ ಎಷ್ಟೋ ಜಾಸ್ತಿ ಕೊಡುತ್ತಿದ್ದವು. ಹಣವನ್ನು ಅಲ್ಲಿ ಇಟ್ಟು, ಫಿಕ್ಸ್ ಮುಗಿದ ದಿನ ಒಟ್ಟಿಗೆ ಕಟ್ಟಿದೆವು. ಫಿಕ್ಸ್ ಮುಗಿದ ಮೇಲೆ, ಹೊಸದು ಶುರುವಾಗುವ ಮೊದಲು ಕಟ್ಟಿದರೆ ದಂಡವೂ ಇಲ್ಲ. ಫಿಕ್ಸ್ ನಡೆಯುವಾಗ ಹೆಚ್ಚಿನ ಬ್ಯಾಂಕುಗಳು ವರ್ಷಕ್ಕೆ ಬಾಕಿಯ ಶೇ. 10ರ ತನಕ ಮಾತ್ರ ಜಾಸ್ತಿ ಕಟ್ಟಲು ಬಿಡುತ್ತವೆ, ಮೀರಿದರೆ ದಂಡ. ನಿಮಗೆ ಅದು 24 ಸಾವಿರದ ಹತ್ತಿರ, ಆ ತಲೆಬಿಸಿ ನಿಮಗಿಲ್ಲ. ಇನ್ನು ಜಾಸ್ತಿ ಕಟ್ಟುವುದಾದರೆ ಬ್ಯಾಂಕಿಗೆ ಫೋನ್ ಮಾಡಿ, ಅವಧಿ ಕಮ್ಮಿ ಮಾಡುತ್ತಾರಾ, ಮುಂದಿನ ಕಂತು ಕಮ್ಮಿ ಮಾಡುತ್ತಾರಾ ಅಂತ ಕೇಳಿ. ಕೆಲವು ಕಡೆ ಕೇಳದಿದ್ದರೆ ಕಂತನ್ನೇ ಇಳಿಸಿ ಬಿಡುತ್ತಾರೆ, ಆಗ ನೀವು ಅಂದುಕೊಂಡ ಲಾಭ ಬರುವುದಿಲ್ಲ.

ಮನೆಸಾಲಕ್ಕೆ ಹಾಕಿದ ಹಣ ಬೇಕಾದಾಗ ವಾಪಸ್ ಸಿಗುವುದಿಲ್ಲ. ನನ್ನ ಮಾತೆಲ್ಲ ನಿಂತಿರುವುದು ಇದರ ಮೇಲೆ. ನಿಮ್ಮದು ಸ್ಪಾನ್ಸರ್, ಅಂದರೆ ಕೆಲಸ ಕೊಟ್ಟ ಕಂಪನಿಯ ಮೇಲೆ ನಿಂತ ವೀಸಾ. ಭಾವನ ಕೆಲಸ ಹೋದರೆ ಹೊಸ ಸ್ಪಾನ್ಸರ್ ಹುಡುಕಲು ಸಾಮಾನ್ಯವಾಗಿ ಸಿಗುವುದು 60 ದಿನ. ಸರ್ಕಾರದ ಹೆಚ್ಚಿನ ನೆರವುಗಳು ನಿಮ್ಮ ವೀಸಾದವರಿಗೆ ಇಲ್ಲ. ಆಗ "ನಾವು ಮೂರು ವರ್ಷದಿಂದ ಜಾಸ್ತಿ ಕಟ್ಟಿದ್ದೇವೆ, ಈ ತಿಂಗಳ ಕಂತು ಬಿಡಿ" ಅಂದರೆ ಬ್ಯಾಂಕು ಕೇಳುತ್ತದಾ? ಕೈಯಲ್ಲಿದ್ದುದನ್ನೆಲ್ಲ ಈಗ ಮನೆಸಾಲಕ್ಕೆ ಸುರಿಯುವುದು, ಇದ್ದ ಅಡಿಕೆಯನ್ನೆಲ್ಲ ಏಪ್ರಿಲ್‌ನಲ್ಲೇ ಮಾರಿ ಸಾಲ ತೀರಿಸಿ, ಜೂನ್‌ನಲ್ಲಿ ತೋಟಕ್ಕೆ ಮದ್ದು ಬಿಡುವ ಆಳಿಗೆ ಕೊಡಲು ಮತ್ತೆ ಚಿನ್ನ ಅಡವಿಟ್ಟ ಹಾಗೆ. ನಾಲ್ಕು ತಿಂಗಳ ಖರ್ಚಾದರೂ ಬೇರೆ ಖಾತೆಯಲ್ಲಿ ಕೂರಲಿ, ಆರು ತಿಂಗಳದ್ದಾದರೆ ಇನ್ನೂ ಒಳ್ಳೆಯದು. ಅದರ ಜೊತೆ ಐಎಲ್ಆರ್ (ಇಲ್ಲಿ ಕಾಯಂ ಇರಲು ಸಿಗುವ ಅನುಮತಿ) ಅರ್ಜಿಯ ಹಣ. 2025ರ ಏಪ್ರಿಲ್‌ನಲ್ಲಿ ಅದು ಒಬ್ಬರಿಗೆ 3,029 ಪೌಂಡ್ ಆಯಿತು. ಮಗಳಿಗೂ ಕಟ್ಟಬೇಕು. ಮಧ್ಯೆ ವೀಸಾ ಮುಂದುವರಿಸಬೇಕಾಗಿ ಬಂದರೆ ಆರೋಗ್ಯದ ಸರ್ಚಾರ್ಜ್ ದೊಡ್ಡವರಿಗೆ ವರ್ಷಕ್ಕೆ 1,035, ಮಕ್ಕಳಿಗೆ 776, ಅದೂ ಎಲ್ಲ ವರ್ಷದ್ದು ಒಂದೇ ಸಲ. ನಿಯಮಗಳು ಬದಲಾಗುತ್ತಲೇ ಇವೆ, ಆದರೆ ಈ ಫೀಸುಗಳು ಕಮ್ಮಿಯಾದದ್ದನ್ನು ನಾನು ನೋಡಿಲ್ಲ.

ಈಗ ಮನೆ ಖರ್ಚಿಗೆ ಬರೋಣ. ನೀನು ತಿಂಗಳ ಪಟ್ಟಿ ಚೆನ್ನಾಗಿ ಬರೆದಿದ್ದಿ, ಅಕ್ಕಿ ತರಕಾರಿ ಎಲ್ಲ ಇದೆ. ವರ್ಷಕ್ಕೊಮ್ಮೆ ಬರುವುದು ಒಂದೂ ಇಲ್ಲ. ಕಾರಿನ ಇನ್ಶೂರೆನ್ಸ್, ರೋಡ್ ಟ್ಯಾಕ್ಸ್, ಎಂಒಟಿ (ಕಾರಿನ ವಾರ್ಷಿಕ ತಪಾಸಣೆ), ಬಾಯ್ಲರ್ ಸರ್ವೀಸ್, ಟಿವಿ ಲೈಸೆನ್ಸ್, ಟೈರು. ಇವೆಲ್ಲ ಹೇಳದೆ ಬರುವ ಖರ್ಚಲ್ಲ, ತಾರೀಖು ಮೊದಲೇ ಗೊತ್ತಿರುವುದು, ಆದರೂ ನಮ್ಮವರು ಅವು ಬಂದಾಗಲೆಲ್ಲ ಕಾರ್ಡ್ ತೆಗೆಯುತ್ತಾರೆ. ಎಲ್ಲ ಕೂಡಿಸಿ 12ರಿಂದ ಭಾಗಿಸಿ, ಸಂಬಳ ಬಂದ ದಿನವೇ ಆ ಮೊತ್ತ ಇನ್ನೊಂದು ಖಾತೆಗೆ ಹೋಗುವ ಹಾಗೆ ಮಾಡು. ಕಾರಿನ ಇನ್ಶೂರೆನ್ಸನ್ನು ತಿಂಗಳ ಕಂತಿನಲ್ಲಿ ಕಟ್ಟಿದರೆ ಸಾಮಾನ್ಯವಾಗಿ ಬಡ್ಡಿ ಸೇರುತ್ತದೆ, ಆ ಖಾತೆಯಲ್ಲಿ ಹಣವಿದ್ದರೆ ಒಟ್ಟಿಗೆ ಕಟ್ಟಬಹುದು. ಕೊಟೇಶನ್ ಮೂರು ನಾಲ್ಕು ವಾರ ಮುಂಚೆ ತಗೋ, ಕೊನೆ ದಿನ ತಗೊಂಡರೆ ದರ ಜಾಸ್ತಿ. ಕೌನ್ಸಿಲ್ ಟ್ಯಾಕ್ಸ್ ಸಾಮಾನ್ಯವಾಗಿ ಏಪ್ರಿಲ್‌ನಿಂದ ಜನವರಿ ತನಕ 10 ಕಂತು ಇರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಅದು ಇಲ್ಲದೆ ಕೈಯಲ್ಲಿ ಹಣ ಉಳಿದ ಹಾಗೆ ಕಾಣುತ್ತದೆ. ಬೇಕಾದರೆ ಕೇಳಿ 12 ಕಂತು ಮಾಡಿಸಿಕೋ.

ಅಡುಗೆ ಮನೆಯಲ್ಲಿ ಜಾಸ್ತಿ ಹಿಂಡಬೇಡ. ಮಲಯಾಳಿ ಅಂಗಡಿಯ ಕುಚ್ಚಲಕ್ಕಿ ಮತ್ತು ಫ್ರೋಜನ್ ತೆಂಗಿನ ತುರಿ ಬಿಟ್ಟು ಬೇರೆಲ್ಲ ಆಲ್ಡಿ, ಲಿಡ್ಲ್‌ನಲ್ಲಿ ಸಿಗುತ್ತದೆ, ಅಷ್ಟು ಸಾಕು.

ನಿಜವಾಗಿ ಸೋರುವುದು ಊರಿನ ಕಡೆಗೆ. ಬಾಯಿಬಿಟ್ಟು ಹೇಳಲು ಎಲ್ಲರಿಗೂ ಸಂಕೋಚ. ಸೀಮೆಯಲ್ಲಿ ಎಲ್ಲೋ ಒಂದು ಕಡೆ ದೇವಸ್ಥಾನದ ಬ್ರಹ್ಮಕಲಶ ಇದ್ದೇ ಇರುತ್ತದೆ, ಲಂಡನ್‌ನಲ್ಲಿರುವವರು ಅಂತ ರಶೀದಿ ಪುಸ್ತಕ ಮೊದಲು ನಿಮ್ಮ ವಾಟ್ಸಾಪ್‌ಗೇ ಬರುತ್ತದೆ, ನೀವು ಲೆಸ್ಟರ್‌ನಲ್ಲಿದ್ದರೂ ಅವರಿಗೆ ಅದು ಲಂಡನ್ನೇ. ಮದುವೆ, ಮನೆ ಒಕ್ಕಲು, ಭಜನಾ ಮಂದಿರದ ಶೀಟು, ಯಕ್ಷಗಾನ ಆಟ. ಕೊಡಬೇಡ ಅನ್ನುವುದಿಲ್ಲ, ನಾವೂ ಕೊಡುತ್ತೇವೆ. ಆದರೆ "ಊರು" ಅಂತ ಒಂದು ಖಾತೆ ಮಾಡಿ ತಿಂಗಳಿಗೆ ಇಷ್ಟು ಅಂತ ಹಾಕಿಡಿ, ಅದರಲ್ಲಿ ಇದ್ದಷ್ಟು ಕೊಡಿ, ಖಾಲಿಯಾದರೆ ಮುಂದಿನ ವರ್ಷ ಅನ್ನಿ. ಯಾರೂ ಸಿಟ್ಟಾಗುವುದಿಲ್ಲ, ಸಿಟ್ಟಾದರೂ ಒಂದು ವಾರಕ್ಕೆ ಸರಿಯಾಗುತ್ತದೆ.

ಟಿಕೆಟ್ಟೂ ಅದೇ ಖಾತೆಯಿಂದ. ಮಂಗಳೂರಿಗೂ ಕಣ್ಣೂರಿಗೂ ಇಲ್ಲಿಂದ ನೇರ ವಿಮಾನ ಇಲ್ಲ, ಎಲ್ಲಾದರೂ ಇಳಿದು ಹತ್ತಬೇಕು, ಶಾಲೆಗೆ ರಜೆ ಸಿಕ್ಕಿದ ಕೂಡಲೇ ದರ ಹಾರುತ್ತದೆ. ಮಗಳು ಶಾಲೆಗೆ ಸೇರಿದ ಮೇಲೆ ಟರ್ಮ್ ಮಧ್ಯೆ ಕರೆದುಕೊಂಡು ಹೋದರೆ ಅಪ್ಪ ಅಮ್ಮ ಇಬ್ಬರಿಗೂ ತಲಾ 80 ಪೌಂಡ್ ದಂಡ ಬರಬಹುದು, 21 ದಿನದಲ್ಲಿ ಕಟ್ಟದಿದ್ದರೆ 160. ಆಗ ನಿಮಗೆ ಉಳಿಯುವ ಉದ್ದದ ರಜೆ ಜುಲೈ-ಆಗಸ್ಟ್, ಅಂದರೆ ಆಟಿ ತಿಂಗಳ ಮಳೆಗೆ ದುಬಾರಿ ಟಿಕೆಟ್ ತೆಗೆದು ಹೋಗಿ ಚಾವಡಿಯಲ್ಲಿ ಕೂರುವುದು. ಅದಕ್ಕೆ ಈಗಲೇ, ಶಾಲೆ ಶುರುವಾಗುವ ಮೊದಲು, ನವೆಂಬರ್‌ನಲ್ಲೋ ಫೆಬ್ರವರಿಯಲ್ಲೋ ಹೋಗಿ ಬನ್ನಿ. ಕೋಲ, ಜಾತ್ರೆ, ಆಟ ಎಲ್ಲ ಇರುವುದೂ ಆಗಲೇ.

ನರ್ಸರಿಯ ವಿಷಯ. ಕೆಲಸಕ್ಕೆ ಹೋಗುವ ಅಪ್ಪ ಅಮ್ಮಂದಿರಿಗೆ ಇಂಗ್ಲೆಂಡ್‌ನಲ್ಲಿ ಕೊಡುವ ವಾರಕ್ಕೆ 30 ಗಂಟೆಯ ಉಚಿತ ನರ್ಸರಿ, ಸರ್ಕಾರಿ ನೆರವಿಲ್ಲ ಎಂಬ ಷರತ್ತು ಇಬ್ಬರ ವೀಸಾದಲ್ಲೂ ಇದ್ದರೆ ಸಿಗುವುದಿಲ್ಲ. ಆದರೆ 3 ವರ್ಷ ತುಂಬಿದ ನಂತರದ ಟರ್ಮ್‌ನಿಂದ ವಾರಕ್ಕೆ 15 ಗಂಟೆ ಎಲ್ಲ ಮಕ್ಕಳಿಗೂ ಇದೆ. ನಿಮ್ಮ ಬಿಲ್ಲು ಆಗ ಇಳಿಯುತ್ತದೆ. ಮನೆಸಾಲಕ್ಕೆ ಜಾಸ್ತಿ ಕಟ್ಟುವ ಮಾತು ಅಲ್ಲಿಯ ತನಕ ಮುಂದೂಡಿದರೂ ಏನೂ ಮುಳುಗುವುದಿಲ್ಲ.

ಎನ್‌ಆರ್‌ಇ ಡಿಪಾಸಿಟ್‌ನಲ್ಲಿ (ಹೊರದೇಶದಲ್ಲಿರುವ ಭಾರತೀಯರು ಊರಿನ ಬ್ಯಾಂಕಿನಲ್ಲಿ ಇಡುವ ಠೇವಣಿ) ಬಡ್ಡಿ ಜಾಸ್ತಿ, ಅಲ್ಲಿ ಇಡೋಣವೇ ಅಂತ ಕೊನೆಗೆ ಕೇಳಿದ್ದಿ. ಭಾರತದಲ್ಲಿ ಅದಕ್ಕೆ ತೆರಿಗೆ ಇಲ್ಲ, ಹೌದು. ಆದರೆ ಇಲ್ಲಿ ವಾಸ ಇರುವವರು ಹೊರಗಿನ ಆದಾಯವನ್ನೂ ಇಲ್ಲಿ ತೋರಿಸಬೇಕು. 2025ರ ಏಪ್ರಿಲ್ 6ರಿಂದ ಹೊಸದಾಗಿ ಬಂದವರಿಗೆ ಮೊದಲ 4 ವರ್ಷಕ್ಕೆ ಒಂದು ವಿನಾಯಿತಿ ಇದೆ, ಅದನ್ನು ತೆರಿಗೆ ರಿಟರ್ನ್‌ನಲ್ಲಿ ಕೇಳಬೇಕು, ಕೇಳಿದರೆ ಆ ವರ್ಷದ ಪರ್ಸನಲ್ ಅಲೋವೆನ್ಸ್ (ತೆರಿಗೆ ಬೀಳದ ಆದಾಯದ ಮಿತಿ) ಹೋಗುತ್ತದೆ. ಸಣ್ಣ ಮೊತ್ತಕ್ಕೆ ಅದು ನಷ್ಟವೇ. ತುರ್ತಿಗೆ ಇಟ್ಟ ಹಣ ಪೌಂಡಿನಲ್ಲೇ, ಇಲ್ಲೇ ಇರಲಿ.

ಫಿಕ್ಸ್ ಮುಗಿಯುವ ತಾರೀಖು ಪತ್ರದಲ್ಲಿ ನೋಡಿ ಫೋನಿನಲ್ಲಿ ಗುರುತು ಹಾಕಿಡು. ಆರು ತಿಂಗಳು ಮುಂಚೆ ಬ್ರೋಕರ್ ಹತ್ತಿರ ಮಾತಾಡಿ ಒಂದು ದರ ಹಿಡಿದಿಡಿ, ಅಷ್ಟರಲ್ಲಿ ದರ ಇಳಿದರೆ ಹೆಚ್ಚಾಗಿ ಬದಲಾಯಿಸಬಹುದು. ಸುಮ್ನೆ ಬಿಟ್ಟರೆ ಬ್ಯಾಂಕು ತನ್ನದೇ ದರಕ್ಕೆ ಹಾಕುತ್ತದೆ, ಅದು ಯಾವಾಗಲೂ ಎಂಬಂತೆ ಜಾಸ್ತಿ. ಕಾರ್ಡಿನ ಬಾಕಿ ಎಷ್ಟು, ನರ್ಸರಿ ಬಿಲ್ಲು ಎಷ್ಟು ಅಂತ ನೀನು ಬರೆದಿಲ್ಲ. ಅವೆರಡನ್ನು ಕಳಿಸು, ಕಾರ್ಡ್ ಯಾವ ತಿಂಗಳಿಗೆ ತೀರುತ್ತದೆ ಅಂತ ಲೆಕ್ಕ ಹಾಕಿ ಹೇಳುತ್ತೇನೆ.