ಅರ್ಜಿಗೆ ತೂಕ ಬರೋದು ಯಾವುದ್ರಿಂದ?

ಪ್ರಶ್ನೆ: ಸಾರ್, ನಮ್ ಬೀದಿಗೆ ನೀರು ಬರ್ತಿಲ್ಲ ಅಂತ ಪಂಚಾಯ್ತಿಗೆ ಒಂದು ಅರ್ಜಿ ಬರೆದೆ. ಊರಿನ ಹಿರಿಯರೊಬ್ರು ನೋಡಿ, ಇದು ಮನೇಲಿ ಮಾತಾಡ್ದಂಗಿದೆ, ತೂಕ ಇಲ್ಲ ಅಂತ ಪೂರ್ತಿ ತಿದ್ದಿ ಕೊಟ್ರು. ಈಗ ಅದು ನನಗೇ ಅರ್ಥ ಆಗ್ತಿಲ್ಲ. ಎರಡನ್ನೂ ಕಳಿಸಿದ್ದೀನಿ, ಯಾವುದನ್ನ ಕೊಡ್ಲಿ?
- ಓದುಗರೊಬ್ಬರು, ಗುಬ್ಬಿ ತಾಲ್ಲೂಕು

ಉತ್ತರ: ನೀವು ಬರೆದಿದ್ದನ್ನೇ ಕೊಡಿ. ತಿದ್ದಿರೋದ್ರಲ್ಲಿ "ಜೀವಜಲದ ತೀವ್ರತರ ಅಭಾವದಿಂದ ಬಳಲಿ ಬೆಂಡಾಗಿರುವ ನಾಗರಿಕ ಬಾಂಧವರ ಅಳಲನ್ನು ತಮ್ಮ ಘನ ಸನ್ನಿಧಾನಕ್ಕೆ ಅರಿಕೆ ಮಾಡಿಕೊಳ್ಳುತ್ತಾ" ಅಂತ ಹೋಗ್ತಾನೇ ಇರುತ್ತೆ, ಅರ್ಧ ಪುಟ ಆದ್ರೂ ಯಾವ ಬೀದಿ ಅಂತ ಗೊತ್ತಾಗಲ್ಲ. ನೀವು ಬರೆದಿರೋದು, "ಮಾರಮ್ಮನ ಗುಡಿ ಬೀದಿಗೆ ಹತ್ತು ದಿನದಿಂದ ನೀರು ಬಂದಿಲ್ಲ, ಟ್ಯಾಂಕ್ ತುಂಬುತ್ತೆ ಆದ್ರೆ ಸ್ಕೂಲ್ ಹತ್ರದ ವಾಲ್ವ್ ತಿರುಗ್ತಿಲ್ಲ ಅಂತ ನೀರುಗಂಟಿ ಹೇಳ್ತಾರೆ." ಪಿಡಿಓ ಇದನ್ನ ಓದಿದ ತಕ್ಷಣ ಎಲ್ಲಿಗೆ ಯಾರನ್ನ ಕಳಿಸ್ಬೇಕು, ಏನು ರಿಪೇರಿ ಅಂತ ಗೊತ್ತಾಗಿ ಹೋಗುತ್ತೆ. ತೂಕ ಅಂದ್ರೆ ಇದೇ ಅಲ್ವಾ.

ಹಾಗಂತ ಆ ಹಿರಿಯರ ಮೇಲೆ ಬೇಜಾರು ಮಾಡ್ಕೋಬೇಡಿ. ನಮ್ ತುಮಕೂರು ಸೀಮೆಯವರು ರಾತ್ರಿಯೆಲ್ಲಾ ಕೂತು ಪೌರಾಣಿಕ ನಾಟಕ ನೋಡ್ಕೊಂಡು ಬೆಳೆದವರು, ನಿಮ್ಮದಂತೂ ಗುಬ್ಬಿ ವೀರಣ್ಣನವರ ತಾಲ್ಲೂಕು. ದುರ್ಯೋಧನ ಹಾರ್ಮೋನಿಯಂ ಶ್ರುತಿಗೆ ಕಂದಪದ್ಯ ಎತ್ತಿದಾಗ ಆ ಗತ್ತು ಇರ್ಲೇಬೇಕು, ಜನ ಚಳೀಲಿ ಕಂಬಳಿ ಹೊದ್ಕೊಂಡು ಬೆಳಗಿನ ಜಾವದ ತನಕ ಕೂರೋದೇ ಅದಕ್ಕೆ, ಒನ್ಸ್ ಮೋರ್ ಕೂಗೋದೂ ಅದಕ್ಕೆ. ಅಲ್ಲಿ ಯಾರಾದ್ರೂ ಸಪ್ಪೆ ಮಾತಾಡಿದ್ರೆ ನನಗೂ ಬೇಸರ ಆಗುತ್ತೆ. ಆದ್ರೆ ಅದೇ ಗತ್ತನ್ನ ನಲ್ಲಿ ನೀರಿನ ಅರ್ಜಿಗೆ ತಂದ್ರೆ ನಿಮ್ ಕಷ್ಟ ಏನು ಅನ್ನೋದೇ ಮುಚ್ಚಿಹೋಗುತ್ತೆ, ನನಗೆ ನಿಜವಾಗ್ಲೂ ಸಂಕಟ ಆಗೋದು ಇದಕ್ಕೆ.

ಸರಳವಾಗಿ ಬರೆದ್ರೆ ಓದಿಲ್ಲದವನು ಅನ್ಕೋತಾರೆ ಅನ್ನೋ ಅಳುಕು ನಿಮಗಿದ್ರೆ ಮಾಸ್ತಿಯವರ ಕಥೆ ಒಂದೆರಡು ಓದಿ. ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನವರು, ಮೈಸೂರು ಸರ್ಕಾರದಲ್ಲಿ ದೊಡ್ಡ ಅಧಿಕಾರಿ ಆಗಿದ್ದವರು, 1983ರ ಜ್ಞಾನಪೀಠ ಪಡೆದವರು. ಇಂಗ್ಲಿಷಲ್ಲಿ ಎಂ.ಎ. ಮಾಡಿದ್ದ ಅವರು ಕಥೆ ಬರೆದ್ರೆ ಜಗಲಿ ಮೇಲೆ ಕೂತು ಹೇಳ್ದಂಗೇ ಇರುತ್ತೆ.

ಅರ್ಜಿಗೆ ಮೇಲೆ ಗೆ, ಇಂದ, ವಿಷಯ, ತಾರೀಖು ಇರ್ಲಿ. ಕೆಳಗೆ ಬೀದಿಯವರ ಸಹಿ, ನಿಮ್ ಫೋನ್ ನಂಬರ್ ಹಾಕಿ. ಎರಡು ಕಾಪಿ ತಗೊಂಡು ಹೋಗಿ, ನಿಮ್ ಕಾಪಿ ಮೇಲೆ ಸೀಲ್ ಒತ್ತಿಸ್ಕೊಂಡೇ ಬನ್ನಿ.